ಅಂಬಾಸಿಡರ್: ಹಿಂದಿನ ಎರಡೂ ಬ್ರೇಕ್ ಹಿಡ್ಕೊಳ್ತಿದೆ, ಎಲ್ಲಿಂದ ಹುಡುಕಬೇಕು?

ತೀರ್ಥಹಳ್ಳಿ_ಅಂಬಿ:
ಗಾಡಿ 1978ರ ಮಾರ್ಕ್ 3. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್, ಎಲ್ಲಕ್ಕೂ ಒಂದೇ ಲೈನಿನಲ್ಲಿ ಆಯಿಲ್ ಒತ್ತಡ ಕಳಿಸುವ ಸಿಂಗಲ್ ಸರ್ಕ್ಯೂಟ್ ಮಾಸ್ಟರ್ ಸಿಲಿಂಡರ್, ಕಾಲಿನ ಬಲ ಹೆಚ್ಚಿಸುವ ಬೂಸ್ಟರ್ ಇಲ್ಲ. ಮಳೆಗಾಲ ಪೂರ್ತಿ ಹ್ಯಾಂಡ್ ಬ್ರೇಕ್ ಎಳೆದು ಶೆಡ್ಡಿನಲ್ಲೇ ನಿಂತಿತ್ತು. ಈಗ ಹೊರಟರೆ ಮೊದಲು ಏನೂ ಗೊತ್ತಾಗಲ್ಲ. ಶಿವಮೊಗ್ಗ ರಸ್ತೆಯಲ್ಲಿ ಮಂಡಗದ್ದೆ ಮುಟ್ಟುವಷ್ಟರಲ್ಲಿ ಗಾಡಿ ಭಾರವಾಗುತ್ತೆ, ಸಮತಟ್ಟಿನಲ್ಲಿ ಕ್ಲಚ್ ಒತ್ತಿದರೆ ಉರುಳದೆ ನಿಂತೇಬಿಡುತ್ತೆ. ಹಿಂದಿನ ಎರಡೂ ಡ್ರಮ್ ಬಿಸಿ. ಎಡಗಡೆಯದಕ್ಕೆ ನೀರು ಚಿಮುಕಿಸಿದರೆ ಚುಂಯ್ ಅನ್ನುತ್ತೆ. ಮುಂದಿನವು ತಣ್ಣಗಿವೆ. ಅರ್ಧ ಗಂಟೆ ನಿಲ್ಲಿಸಿದರೆ ತಾನಾಗಿಯೇ ಬಿಡುತ್ತೆ. ಗ್ಯಾರೇಜಿನವರು ಮಾಸ್ಟರ್ ಸಿಲಿಂಡರ್ ಬದಲಿಸಿ ಅಂತಿದ್ದಾರೆ. ಅದಕ್ಕೆ ದುಡ್ಡು ಹಾಕುವ ಮೊದಲು ಏನು ನೋಡಲಿ?

ಹಳೇಗಾಡಿ_ಸಾಗರ:
ಮಾಸ್ಟರ್ ಸಿಲಿಂಡರ್ ಈಗಲೇ ತರಬೇಡಿ. ಸಿಂಗಲ್ ಸರ್ಕ್ಯೂಟಿನಲ್ಲಿ ಮಾಸ್ಟರ್ ಒತ್ತಡ ಬಿಡದೆ ಇದ್ದರೆ ಮುಂದಿನ ಡ್ರಮ್ಮುಗಳೂ ಬಿಸಿಯಾಗಬೇಕಿತ್ತು. ಪೆಡಲ್ಲಿನಿಂದ ಮಾಸ್ಟರಿನ ಪಿಸ್ಟನ್ ತಳ್ಳುವ ಪುಶ್‌ರಾಡ್‌ಗೆ ಆಟ ಇಲ್ಲದಿದ್ದರೂ ಅಷ್ಟೇ, ಆಯಿಲ್ ವಾಪಸ್ ಹೋಗುವ ಸಣ್ಣ ತೂತು ಮುಚ್ಚಿಕೊಂಡು ನಾಲ್ಕೂ ಚಕ್ರ ಹಿಡಿಯುತ್ತೆ. ಪೆಡಲ್ಲನ್ನು ಕೈಯಲ್ಲಿ ಒತ್ತಿ ನೋಡಿ: ಪುಶ್‌ರಾಡ್ ಪಿಸ್ಟನ್ನಿಗೆ ತಾಗುವ ಮೊದಲು ಒಂದು ಮಿಲಿಮೀಟರ್‌ನಷ್ಟಾದರೂ ಖಾಲಿ ಓಡಬೇಕು. ಅದು ಸರಿ ಇದ್ದರೆ ಹಿಂದಕ್ಕೆ ನಡೆಯಿರಿ.

ಪರೀಕ್ಷೆ ಮಾಡಬೇಕಾದ್ದು ಬ್ರೇಕ್ ಹಿಡಿದಿರುವಾಗಲೇ. ತಣ್ಣಗಾದ ಮೇಲೆ ಎಲ್ಲವೂ ಸರಿಯಾಗೇ ಕಾಣುತ್ತೆ. ಓಡಿಸಿಕೊಂಡು ಬಂದ ಕೂಡಲೇ ಮುಂದಿನ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು ಕೊಟ್ಟು, ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್ ಬ್ರೇಕ್ ಬಿಟ್ಟು, ಹಿಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ. ನಮ್ಮ ಕಡೆಯ ಮಣ್ಣಿನಂಗಳ ಮಳೆ ನಿಂತು ತಿಂಗಳಾದರೂ ಒಳಗೆ ಹಸಿಯಾಗೇ ಇರುತ್ತೆ, ಸ್ಟ್ಯಾಂಡ್ ಹೂತುಕೊಳ್ಳುತ್ತೆ. ಕೆಳಗೆ ದಪ್ಪ ಹಲಗೆ ಹಾಕದೆ ಗಾಡಿಯಡಿ ಹೋಗಲೇಬೇಡಿ.

ಈಗ ಎಡಗಡೆ ಹಿಂಚಕ್ರದ ಬ್ಲೀಡರ್ ನಿಪ್ಪಲ್ಲಿಗೆ (ಆಯಿಲ್, ಏರ್ ಹೊರಬಿಡುವ ತಿರುಪು) ಪೈಪ್ ಸಿಕ್ಕಿಸಿ ಅರ್ಧ ಸುತ್ತು ಸಡಿಲಿಸಿ. ಆಯಿಲ್ ಬಿಸಿ ಇರುತ್ತೆ, ಕಣ್ಣಿಗೆ ಕನ್ನಡಕ ಇರಲಿ. ಆಯಿಲ್ ರಭಸದಿಂದ ಚಿಮ್ಮಿ ಚಕ್ರ ಬಿಟ್ಟರೆ ಲೈನಿನಲ್ಲಿ ಒತ್ತಡ ಉಳಿದಿತ್ತು ಅಂತ ಅರ್ಥ. ಬರೀ ಜಿನುಗಿ ನಿಂತರೆ ಚಿಂತೆ ಬೇಡ, ಡ್ರಮ್ ಬ್ರೇಕಿನ ಲೈನಿನಲ್ಲಿ ಚೂರು ಒತ್ತಡ ಬೇಕಂತಲೇ ಉಳಿಸಿರುತ್ತಾರೆ. ಆಯಿಲ್ ಬಿಟ್ಟರೂ ಚಕ್ರ ಬಿಗಿಯಾಗೇ ಇದ್ದರೆ ದೋಷ ಡ್ರಮ್ಮಿನೊಳಗೆ ಅಥವಾ ಹ್ಯಾಂಡ್ ಬ್ರೇಕ್ ಕೇಬಲ್ಲಿನಲ್ಲಿ.

ಒಂದು ಮುಖ್ಯ ವಿಷಯ: ಹಿಂದಿನ ಆಕ್ಸಲ್ಲಿಗೆ ಬರುವ ರಬ್ಬರ್ ಹೋಸ್ ಒಂದೇ. ಆದ್ದರಿಂದ ಎಡಗಡೆ ನಿಪ್ಪಲ್ ಬಿಟ್ಟಾಗ ಬಲಗಡೆ ಚಕ್ರವನ್ನೂ ತಿರುಗಿಸಿ ನೋಡಿ, ಏನಾಯ್ತು ಬರೆಯಿರಿ.

ತೀರ್ಥಹಳ್ಳಿ_ಅಂಬಿ:
ಪುಶ್‌ರಾಡ್‌ಗೆ ಆಟ ಇದೆ. ನಿಪ್ಪಲ್ ಬಿಟ್ಟ ಕೂಡಲೇ ಆಯಿಲ್ ಜೋರಾಗಿ ಬಂತು, ಬಣ್ಣ ಕಾಫಿ ಡಿಕಾಕ್ಷನ್ ಥರ. ಬಲಗಡೆ ಚಕ್ರ ಪೂರ್ತಿ ಫ್ರೀ ಆಯ್ತು. ಎಡಗಡೆಯದು ತಿರುಗುತ್ತೆ, ಆದರೆ ಉಜ್ಜಿಕೊಂಡು ತಿರುಗುತ್ತೆ.

ಹಳೇಗಾಡಿ_ಸಾಗರ:
ಹಾಗಾದರೆ ದೋಷ ಎರಡಿವೆ. ಎರಡೂ ಕಡೆಗೆ ಸೇರಿದ್ದು ಹೋಸ್, ಎಡಗಡೆಗೆ ಮಾತ್ರ ಸೇರಿದ್ದು ಇನ್ನೊಂದು.

ಹಳೆಯ ಹೋಸ್ ಹೊರಗೆ ಚೆನ್ನಾಗೇ ಕಾಣುತ್ತೆ, ಒಳಪದರ ಮಾತ್ರ ಉಬ್ಬಿ ದಾರಿ ಕಟ್ಟಿರುತ್ತೆ. ಕಾಲಿನ ಒತ್ತಡ ಆಯಿಲನ್ನು ಹೇಗೋ ಆಚೆ ನೂಕುತ್ತೆ. ವಾಪಸ್ ತರಬೇಕಾದ ಶೂ (ಡ್ರಮ್ಮಿಗೆ ಒತ್ತುವ ಬ್ರೇಕ್ ಕಮಾನು) ಸ್ಪ್ರಿಂಗಿಗೆ ಅಷ್ಟು ಬಲ ಇಲ್ಲ. ಅರ್ಧ ಗಂಟೆಯಲ್ಲಿ ತಾನಾಗಿ ಬಿಡುವುದು ಇದೇ ಕಾರಣಕ್ಕೆ, ಆಯಿಲ್ ನಿಧಾನಕ್ಕೆ ಜಿನುಗಿ ಹಿಂದಕ್ಕೆ ಹೋಗುತ್ತೆ. ಖಾತ್ರಿ ಬೇಕಿದ್ದರೆ ಮತ್ತೆ ಹಿಡಿದಾಗ ಹೋಸಿನ ಬಾಡಿ ಕಡೆಯ ಯೂನಿಯನ್ (ಪೈಪ್ ಸೇರುವ ನಟ್) ಸಡಿಲಿಸಿ. ಅಲ್ಲಿ ಬಿಚ್ಚಿದರೂ ಚಕ್ರ ಬಿಡದೆ, ನಿಪ್ಪಲ್ಲಿನಲ್ಲಿ ಬಿಚ್ಚಿದಾಗ ಬಿಟ್ಟರೆ ತಪ್ಪು ಹೋಸಿನದೇ. ಹೊಸದು ಹಾಕುವಾಗ ತಾಮ್ರದ ವಾಷರ್ ಇದ್ದರೆ ಅದೂ ಹೊಸದೇ ಇರಲಿ, ಹೋಸ್ ತಿರುಚಿಕೊಳ್ಳದ ಹಾಗೆ ನೋಡಿ. ಹೋಸ್ ಹಿಡಿದಿರುವ ಪಟ್ಟಿಯನ್ನೂ ಕೆರೆದು ನೋಡಿ, ಅದರೊಳಗೆ ತುಕ್ಕು ಉಬ್ಬಿ ಹೋಸನ್ನೇ ಹಿಸುಕುವುದುಂಟು.

ತುಂಗಾತೀರ:
ಎಡಗಡೆ ಬಗ್ಗೆ ನಾನು ಹೇಳ್ತೀನಿ. ಮೊದಲು ಆ ಚಕ್ರದ ಹ್ಯಾಂಡ್ ಬ್ರೇಕ್ ಕೊಂಡಿ ಕಳಚಿ ತಿರುಗಿಸಿ. ಆಗ ಫ್ರೀ ಆದರೆ ಕೇಬಲ್ ತುಕ್ಕು ಹಿಡಿದು ವಾಪಸ್ ಹೋಗ್ತಿಲ್ಲ. ಇಷ್ಟು ಮಳೆ ಕಂಡ ಕೇಬಲ್ಲಿಗೆ ಮೇಲಿಂದ ಎಣ್ಣೆ ಬಿಟ್ಟು ಕೆಲಸ ತೆಗೆಯೋದು ನಾಲ್ಕು ದಿನದ ಮಾತು, ಹೊಸದೇ ಹಾಕಿ.

ಆಗಲೂ ಉಜ್ಜಿದರೆ ಡ್ರಮ್ ತೆಗೆಯಿರಿ. ಶೂ ಅಂತರ ಹೊಂದಿಸುವ ಅಡ್ಜಸ್ಟರ್ ಪೂರ್ತಿ ಹಿಂದಕ್ಕೆ ತಿರುಗಿಸದೆ ಡ್ರಮ್ ಎಳೆಯಬೇಡಿ, ಸವೆದ ಅಂಚಿಗೆ ಶೂ ಸಿಕ್ಕಿಕೊಳ್ಳುತ್ತೆ. ಒಳಗಿನ ಧೂಳನ್ನು ಏರ್ ಹೊಡೆದು ಹಾರಿಸಲೇಬೇಡಿ. ಶೂ ಮೇಲಿನ ಹಳೆ ಲೈನರಿನಲ್ಲಿ ಆಸ್ಬೆಸ್ಟಾಸ್ ಇರುತ್ತೆ, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ. ಡ್ರಮ್ಮಿನ ಹಿಂದೆ ಶೂ ಅಂಚು ಕೂರುವ ಬ್ಯಾಕ್‌ಪ್ಲೇಟಿನ ಉಬ್ಬುಗಳನ್ನು ಬೆರಳಲ್ಲಿ ಮುಟ್ಟಿ ನೋಡಿ, ತಗ್ಗು ಬಿದ್ದಿದ್ದರೆ ಶೂ ಅಲ್ಲೇ ಸಿಕ್ಕಿಕೊಳ್ಳುತ್ತೆ. ಸಾಣೆ ಹಿಡಿದು, ಬಿಸಿ ತಡೆಯುವ ಗ್ರೀಸ್ ತೆಳ್ಳಗೆ ಸವರಿ.

ಶೂ ತಳ್ಳುವ, ಚಕ್ರದ ಸಿಲಿಂಡರಿನ ರಬ್ಬರ್ ಬೂಟ್ ಎತ್ತಿ ನೋಡಿ. ಒದ್ದೆ ಇದ್ದರೆ ಸೋರುತ್ತಿದೆ, ಕೆಂಪು ಪುಡಿ ಇದ್ದರೆ ಪಿಸ್ಟನ್ ತುಕ್ಕಿಗೆ ಹಿಡಿದಿದೆ. ಹಳೆ ಬ್ರಿಟಿಷ್ ವಿನ್ಯಾಸದಲ್ಲಿ ಸಿಲಿಂಡರೇ ಬ್ಯಾಕ್‌ಪ್ಲೇಟಿನ ಸೀಳಿನಲ್ಲಿ ಜಾರಬೇಕಾದ್ದೂ ಇದೆ. ಹಾಗಿದ್ದರೆ ಆ ಸೀಳನ್ನೂ ಉಜ್ಜಿ, ಕೈಯಲ್ಲಿ ತಳ್ಳಿದರೆ ಜಾರುವಂತೆ ಮಾಡಿ.

ಗದ್ದೆಸಾಲು:
ಪಿಸ್ಟನ್ ಹಿಡಿದಿದ್ದರೆ ಬರೀ ಬಕೆಟ್ ಕಿಟ್ (ಸಿಲಿಂಡರಿನೊಳಗಿನ ರಬ್ಬರ್ ಸೀಲ್) ಹಾಕಿದರೆ ಸಾಲದಾ? ಸಿಲಿಂಡರ್ ಪೂರ್ತಿ ಬದಲಿಸಬೇಕಾ?

ತುಂಗಾತೀರ:
ಒಳಗೋಡೆ ಕನ್ನಡಿಯಂತಿದ್ದರೆ ಕಿಟ್ ಸಾಕು. ಉಗುರಿಗೆ ಸಿಗುವ ಗುಳಿ ಇದ್ದರೆ ಹೊಸ ಬಕೆಟ್ ಬೇಗನೆ ಹರಿಯುತ್ತೆ. ಆಗ ಸಿಲಿಂಡರೇ ಹೊಸದು, ಅಥವಾ ಒಳಗೆ ಸ್ಟೀಲ್ ಸ್ಲೀವ್ (ಕೊಳವೆ) ಕೂರಿಸುವವರು ಸಿಕ್ಕರೆ ಅದು. ಪೆಟ್ರೋಲು, ಡೀಸೆಲ್, ಇಂಜಿನ್ ಆಯಿಲ್ ಯಾವುದೂ ಬಕೆಟ್‌ಗೆ ತಾಗಬಾರದು, ರಬ್ಬರ್ ಊದಿಕೊಂಡು ಇದೇ ಕಾಯಿಲೆ ಮತ್ತೆ ಬರುತ್ತೆ. ತೊಳೆಯೋದೂ, ಜೋಡಿಸುವಾಗ ಸವರೋದೂ ಹೊಸ ಬ್ರೇಕ್ ಆಯಿಲಿನಲ್ಲೇ. ಲೈನರ್ ಆಯಿಲ್ ಕುಡಿದಿದ್ದರೆ ಕಾಯಿಸಿ ಒಣಗಿಸಿ ಹಾಕುವುದು ಬೇಡ, ಎರಡೂ ಕಡೆ ಹೊಸದು ಹಾಕಿ. ಒಂದೇ ಕಡೆ ಹಾಕಿದರೆ ಬ್ರೇಕ್ ಒತ್ತಿದಾಗ ಹಿಂಭಾಗ ಓರೆಯಾಗಿ ಎಳೆಯುತ್ತೆ.

ಹಳೇಗಾಡಿ_ಸಾಗರ:
ಆ ಡಿಕಾಕ್ಷನ್ ಬಣ್ಣದ ಆಯಿಲ್ ಪೂರ್ತಿ ತೆಗೆಯಿರಿ. ಬ್ರೇಕ್ ಆಯಿಲ್ ಗಾಳಿಯ ತೇವ ಎಳೆದುಕೊಳ್ಳುತ್ತೆ, ಸಿಲಿಂಡರಿಗೆ ತುಕ್ಕು ಒಳಗಿಂದ ಬರೋದು ಹಾಗೇ. ಡಾಟ್ 3 ಮಟ್ಟದ (ಡಾಟ್ ಅಂದರೆ ಬ್ರೇಕ್ ಆಯಿಲಿನ ದರ್ಜೆ) ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯದೆ ತಡೆಯಬೇಕು, ನೀರು ಸೇರಿದ ಮೇಲೆ ಅದರ ಮಿತಿ 140. ಡಾಟ್ 4ಕ್ಕೆ 230, 155. ಎಡಗಡೆ ಡ್ರಮ್ ಈಗಿನಷ್ಟು ಬಿಸಿ ಇರುವಾಗ ಆಗುಂಬೆ ಘಾಟಿಯ 14 ತಿರುವು ಇಳಿದರೆ ಆಯಿಲ್ ಕುದಿದು ಪೆಡಲ್ ನೆಲಕ್ಕೆ ಹೋಗಬಹುದು, ದಯವಿಟ್ಟು ಆ ಕಡೆ ಹೋಗಬೇಡಿ.

ಹೊಸ ಆಯಿಲ್ ತುಂಬಿ ಲೈನಿನ ಏರ್ ತೆಗೆದ ಮೇಲೆ ಮೊದಲು ಶೂ ಅಡ್ಜಸ್ಟ್ ಮಾಡಿ: ಚಕ್ರ ನಿಲ್ಲುವವರೆಗೆ ಬಿಗಿ ಮಾಡಿ, ಪೆಡಲ್ ಒಮ್ಮೆ ಗಟ್ಟಿಯಾಗಿ ಒತ್ತಿ ಬಿಟ್ಟು, ಆಮೇಲೆ ಚಕ್ರ ಉಜ್ಜದೆ ತಿರುಗುವವರೆಗೆ ಸಡಿಲಿಸಿ. ಹ್ಯಾಂಡ್ ಬ್ರೇಕ್ ಕೇಬಲ್ ಅಡ್ಜಸ್ಟ್ ಕೊನೆಗೆ. ಶೂ ಸಡಿಲ ಇಟ್ಟು ಕೇಬಲ್ಲಿನಲ್ಲಿ ಬಿಗಿ ತರುವುದು ಗ್ಯಾರೇಜುಗಳಲ್ಲಿ ಬಹಳ ನಡೆಯುತ್ತೆ, ಆಮೇಲೆ ಶೂ ಯಾವತ್ತೂ ಪೂರ್ತಿ ಹಿಂದಕ್ಕೆ ಬರಲ್ಲ. ಮುಂದಿನ ಮಳೆಗಾಲಕ್ಕೆ ಗಾಡಿ ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಬೇಡ, ಫಸ್ಟ್ ಗೇರ್ ಹಾಕಿ ಚಕ್ರಕ್ಕೆ ಮರದ ಗುಟ್ಟ ಕೊಡಿ.