ಹಳೆಯ ಸಿಎನ್‌ಸಿ ಲೇತ್‌ಗೆ ಯುಎಸ್‌ಬಿ ಅಡಾಪ್ಟರ್: ಉದ್ದದ ಪ್ರೋಗ್ರಾಂ ಒಳಗೆ ಹೋಗುತ್ತಿಲ್ಲ

ಉದ್ಯಮಬಾಗ ಟರ್ನರ್:
ನಮಸ್ಕಾರ. ಬೆಳಗಾವಿ ಉದ್ಯಮಬಾಗದಲ್ಲಿ ನಮ್ಮದೊಂದು ಸಣ್ಣ ವರ್ಕ್‌ಶಾಪ್. ಅಪ್ಪ ತಂದ, ಫಾನುಕ್ ಕಂಪನಿಯ ಕಂಪ್ಯೂಟರ್ ಕಂಟ್ರೋಲಿನ (ಸಿಎನ್‌ಸಿ) ಲೇತ್ ಇವತ್ತಿಗೂ ಚೆನ್ನಾಗಿ ಓಡುತ್ತದೆ. ಹಿಂದೆ 25 ಪಿನ್ನಿನ ಸೀರಿಯಲ್ ಪೋರ್ಟ್ ಇದೆ. ಪ್ರೋಗ್ರಾಂ ಕಳಿಸುತ್ತಿದ್ದ ಹಳೇ ಡೆಸ್ಕ್‌ಟಾಪ್ ಈ ಮಳೆಗಾಲದಲ್ಲಿ ಕೆಟ್ಟಿತು. ಹೊಸ ಲ್ಯಾಪ್‌ಟಾಪ್‌ಗೆ ಸೀರಿಯಲ್ ಪೋರ್ಟೇ ಇಲ್ಲ ಅಲ್ವಾ, ಒಂದು ಯುಎಸ್‌ಬಿ ಅಡಾಪ್ಟರ್ ತಂದೆ. ಹಳೇ ಕೇಬಲ್ಲನ್ನೇ ಹಾಕಿದ್ದೇನೆ.

ಮಷೀನಿನಿಂದ ಪ್ರೋಗ್ರಾಂ ಸರಿಯಾಗಿ ಬರುತ್ತದೆ. ಕಳಿಸುವಾಗ ಸಣ್ಣವು ಹೋಗುತ್ತವೆ. ಉದ್ದದ್ದು ಕಳಿಸಿದರೆ ಮಧ್ಯದಲ್ಲೇ 087 ಅಲಾರಂ. ಸೀರಿಯಲ್ ಸೆಟ್ಟಿಂಗ್: ವೇಗ 4800, 7 ಬಿಟ್, ಈವನ್ ಪ್ಯಾರಿಟಿ, 2 ಸ್ಟಾಪ್. ಮೂರು ದಿನದಿಂದ ವಾಲ್ವ್ ಬಾಡಿ ಕೆಲಸ ನಿಂತಿದೆ. ಯಾರಾದರೂ ದಾರಿ ತೋರಿಸಿ.

ಪಿನ್ ಪರೀಕ್ಷಕ:
ಕೇಬಲ್ ನೋಡಿದ್ರಾ? ಅಡಾಪ್ಟರಿನ 9 ಪಿನ್ನಿನಲ್ಲಿ 2 ಅಂದರೆ ತೆಗೆದುಕೊಳ್ಳುವುದು, ಮಷೀನಿನ 25 ಪಿನ್ನಿನಲ್ಲಿ 2 ಅಂದರೆ ಕಳಿಸುವುದು. ಹಾಗಾಗಿ 2ಕ್ಕೆ 2, 3ಕ್ಕೆ 3, ಗ್ರೌಂಡ್ 5ರಿಂದ 7ಕ್ಕೆ ಜೋಡಿಸಿರಬೇಕು.

ಹಳೇ ಮಷೀನ್ ಮೇಂಟೆನೆನ್ಸ್:
ಸಣ್ಣ ಪ್ರೋಗ್ರಾಂ ಹೋಗುತ್ತಿದೆ ಅಂದಮೇಲೆ ಕೇಬಲ್ ಸರಿ ಇದೆ ತಮ್ಮಾ, ಅದನ್ನು ಬಿಚ್ಚಬೇಡ. 087 ಅಂದರೆ ಬಫರ್, ಅಂದರೆ ಬಂದ ಅಕ್ಷರ ಸ್ವಲ್ಪ ಹೊತ್ತು ನಿಲ್ಲುವ ಜಾಗ, ತುಂಬಿ ಚೆಲ್ಲಿದೆ. ಮಷೀನ್ "ತಡಿ" ಎಂದು ಎಕ್ಸ್‌ಆಫ್ ಕಳಿಸುತ್ತದೆ. ಆಮೇಲೂ ಹತ್ತು ಅಕ್ಷರ ಬಂದರೆ ತಾಳಿಕೊಳ್ಳುತ್ತದೆ, ಅದಕ್ಕಿಂತ ಜಾಸ್ತಿ ಆಗದು. ಡೆಸ್ಕ್‌ಟಾಪಿನ ಪೋರ್ಟ್ ತಕ್ಷಣ ನಿಲ್ಲುತ್ತಿತ್ತು. ಯುಎಸ್‌ಬಿ ಅಡಾಪ್ಟರ್ ತನ್ನ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನೆಲ್ಲ ಸುರಿದುಬಿಡುತ್ತದೆ. ಮೊದಲು ಕಳಿಸುವ ಸಾಫ್ಟ್‌ವೇರ್‌ನಲ್ಲೇ ಎಕ್ಸ್‌ಆನ್ ("ಮತ್ತೆ ಕಳಿಸು") ಎಕ್ಸ್‌ಆಫ್ ಆನ್ ಇದೆಯಾ ನೋಡು. ಇದ್ದೂ ಅಲಾರಂ ಬಂದರೆ ಎಫ್‌ಟಿಡಿಐ ಕಂಪನಿಯ ಚಿಪ್ಪಿನ ಅಡಾಪ್ಟರ್ ತಗೋ. ಎಫ್‌ಟಿ232ಆರ್ ಚಿಪ್ ಎಕ್ಸ್‌ಆಫ್ ಬಂದದ್ದನ್ನು ತಾನೇ ನೋಡಿ ನಿಲ್ಲಿಸುತ್ತದೆ, ಲ್ಯಾಪ್‌ಟಾಪಿನ ಅಪ್ಪಣೆಗೆ ಕಾಯುವುದಿಲ್ಲ. ಆದರೆ ಟಿಟಿಎಲ್ ಬೋರ್ಡ್ ತರಬೇಡ, ಅದು ಕಡಿಮೆ ವೋಲ್ಟಿನದು, ಈ ಪೋರ್ಟಿಗೆ ಆಗದು. ಸೀರಿಯಲ್ ಪೋರ್ಟಿನ ಮಾನಕವಾದ ಆರ್‌ಎಸ್ 232 ಎಂದೇ ಕೇಳಿ ತಗೋ. ಕೇಬಲ್ ಚುಚ್ಚುವಾಗ ಮಷೀನ್, ಲ್ಯಾಪ್‌ಟಾಪ್ ಎರಡೂ ಆಫ್ ಇರಲಿ.

ಉದ್ಯಮಬಾಗ ಟರ್ನರ್:
ಅಣ್ಣಾ, ಸಾಫ್ಟ್‌ವೇರ್‌ನಲ್ಲಿ ಆನ್ ಇತ್ತು. ಅಡಾಪ್ಟರ್ ಬದಲಿಸಿದೆ. ಹೊಸದಕ್ಕೆ ಲ್ಯಾಪ್‌ಟಾಪಿನಲ್ಲಿ ಪೋರ್ಟ್ ನಂಬರ್ ಕಾಮ್ 7 ಬಂತು, ನಮ್ಮ ಹಳೇ ಸಾಫ್ಟ್‌ವೇರ್ 4ರ ಮೇಲೆ ಗುರುತಿಸುವುದಿಲ್ಲ. ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ನಲ್ಲಿ ಆ ಪೋರ್ಟಿನ ಅಡ್ವಾನ್ಸ್ಡ್ ಸೆಟ್ಟಿಂಗ್‌ಗೆ ಹೋಗಿ ಕಾಮ್ 2 ಮಾಡಿದೆ. ಎಲ್ಲಕ್ಕಿಂತ ಉದ್ದದ ಪ್ರೋಗ್ರಾಂ ಒಂದೇ ಸಲಕ್ಕೆ ಹೋಯಿತು. ತುಂಬಾ ಉಪಕಾರ ಆಯಿತು. ಮಷೀನಿನ ಪರದೆಯಲ್ಲಿ ಬ್ಯಾಟ್ (BAT) ಎಂದು ಮಿನುಗುತ್ತಿದೆ, ಅದೇನು?

ಹಳೇ ಮಷೀನ್ ಮೇಂಟೆನೆನ್ಸ್:
ಮೆಮೊರಿ ಬ್ಯಾಟರಿ ಸೋತಿದೆ. ಇವತ್ತೇ ಎಲ್ಲ ಪ್ರೋಗ್ರಾಂ, ಪ್ಯಾರಾಮೀಟರ್ (ಮಷೀನಿನ ಸೆಟ್ಟಿಂಗ್‌ಗಳು) ಲ್ಯಾಪ್‌ಟಾಪ್‌ಗೆ ತಗೋ. ಆಮೇಲೆ ಮಷೀನ್ ಆನ್ ಇಟ್ಟೇ ಬ್ಯಾಟರಿ ಬದಲಿಸು. ಆಫ್ ಮಾಡಿ ತೆಗೆದರೆ ನಿಮ್ಮಪ್ಪ ಬರೆದದ್ದೆಲ್ಲ ಅಳಿಸಿಹೋಗುತ್ತದೆ.