ತನ್ನನ್ನು ತಾನೇ ಸೋಲಿಸಿದ ಪ್ರೋಗ್ರಾಂ

ಸುಬ್ಬು ಬಂದವನೇ ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಕುಕ್ಕಿದ. "ಮೋಸ ಕಣ್ರೋ ಇದು. ಶುದ್ಧ ಮೋಸ."

ಬ್ಯಾಕ್‌ಗ್ಯಾಮನ್ ಪ್ರೋಗ್ರಾಂ ಎದುರು ಒಂದೇ ಸಮನೆ ಆರು ಆಟ ಸೋತಿದ್ದ. ಎರಡು ದಾಳ ಹಾಕಿ ಕಾಯಿ ನಡೆಸುತ್ತಾ, ತನ್ನ ಕಾಯಿಗಳನ್ನೆಲ್ಲ ಮೊದಲು ಹೊರಗೆ ತೆಗೆದವರು ಗೆಲ್ಲುವ ಇಬ್ಬರ ಆಟ ಅದು. ಸೋತಿದ್ದಕ್ಕೆ ಬೇಜಾರಿಲ್ಲವಂತೆ, ಸೋತ ರೀತಿಗೆ ಬೇಜಾರಂತೆ. ಕೊನೆಯ ಆಟದಲ್ಲಿ ಅವನ ಒಂಟಿ ಕಾಯಿ 18 ಮನೆ ಆಚೆ ಆರಾಮಾಗಿ ಕೂತಿತ್ತು. ಜೋಡಿ ಬಿದ್ದರೆ ಅದೇ ಸಂಖ್ಯೆಯನ್ನು ನಾಲ್ಕು ಸಲ ನಡೆಸಬಹುದು. ಹಾಗಾಗಿ ಅದನ್ನು ಹೊಡೆಯೋಕೆ ಜೋಡಿ ಆರೇ ಬೀಳಬೇಕು, ಬೇರೆ ಯಾವ ಗರದಿಂದಲೂ ಆಗಲ್ಲ. ಬಿತ್ತು.

"ಶಕುನಿಯ ದಾಳ! ಕೇಳಿದ್ದು ಬೀಳುತ್ತೆ."

"36ರಲ್ಲಿ ಒಂದು ಸಲ ಬೀಳಬೇಕಾದ್ದೇ ಅಲ್ವಾ?" ಎಂದಳು ವನಜ. "ಬೀಳದೇ ಹೋದ ಸಲಗಳನ್ನ ಲೆಕ್ಕ ಇಟ್ಟಿದ್ದೀಯಾ?"

"ಬೀಳದೇ ಇದ್ದಿದ್ದನ್ನ ಯಾರಾದ್ರೂ ಲೆಕ್ಕ ಇಡ್ತಾರೇನೇ?"

ಅಷ್ಟರಲ್ಲಿ ಪ್ರಕಾಶ ಮಧ್ಯೆ ಬಾಯಿ ಹಾಕಿದ. ಆರು ತಿಂಗಳಿಂದ ಅವನೂ ಒಂದು ಬ್ಯಾಕ್‌ಗ್ಯಾಮನ್ ಪ್ರೋಗ್ರಾಂ ಬರೆಯುತ್ತಿದ್ದಾನೆ. ಎಲ್ಲಿ ಶುರು ಮಾಡಿದರೂ ಮಾತು ಅಲ್ಲಿಗೇ ಬಂದು ನಿಲ್ಲುತ್ತದೆ. "ದಾಳ ಬಿಡೋ. ನೋಡಬೇಕಾದ್ದು ತಲೆ. ನಿನ್ನೆ ರಾತ್ರಿ ನನ್ನ ಹೊಸ ಆವೃತ್ತಿಗೂ ಹಳೆಯದಕ್ಕೂ 100 ಆಟ ಹಚ್ಚಿ ಮಲಗಿದೆ. ಬೆಳಗ್ಗೆ ನೋಡಿದ್ರೆ 57ಕ್ಕೆ 43. ಹೊಸದು ಗೆದ್ದಿದೆ!"

"ಬರೀ 100 ಆಟನಾ?" ಎಂದಳು ವನಜ. ಅಂಕಿಅಂಶ ಓದಿದವರ ಜೊತೆ ಸ್ನೇಹ ಮಾಡಿದರೆ ಇದೇ ಗೋಳು. ಯಾವ ಸಂತೋಷವನ್ನೂ ಪೂರ್ತಿ ಅನುಭವಿಸಲು ಬಿಡುವುದಿಲ್ಲ. "ಇಬ್ಬರೂ ಸರಿಸಮ ಇದ್ರೂ 100 ಆಟದಲ್ಲಿ ಐದು ಆಚೆ ಈಚೆ ಆಗೋದು ಮಾಮೂಲು. 57-43ರಷ್ಟೋ ಇನ್ನೂ ಜಾಸ್ತಿನೋ ಅಂತರ, ಹೆಚ್ಚುಕಮ್ಮಿ ಐದು ಸಲಕ್ಕೆ ಒಂದು ಸಲ ಸುಮ್ನೆ ಬರುತ್ತೆ."

"ಹೊಸದು ಚೆನ್ನಾಗಿ ಆಡುತ್ತೆ ಅಂತ ನೋಡಿದ್ರೇ ಗೊತ್ತಾಗುತ್ತೆ!" ಪ್ರಕಾಶ ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದ. ನಾನು ಬಗ್ಗಿ ನೋಡಿದೆ. ಎಡಗಡೆ ಆಟಗಾರನ ಫೈಲು 'ಹೊಸದು ಫೈನಲ್ 2'. ಬಲಗಡೆಯೂ 'ಹೊಸದು ಫೈನಲ್ 2'.

"ಪ್ರಕಾಶ, ಎರಡೂ ಕಡೆ ಒಂದೇ ಫೈಲು ಹಾಕಿದ್ದೀಯ ಕಣೋ."

ಸುಬ್ಬು ನಕ್ಕಿದ್ದು ಅವತ್ತು ಅದೇ ಮೊದಲು. ಪ್ರಕಾಶನ ಪ್ರೋಗ್ರಾಂ ತನ್ನನ್ನು ತಾನೇ 57-43ರಲ್ಲಿ ಚಚ್ಚಿ ಹಾಕಿತ್ತು!

ವನಜ ಮಾತ್ರ ನಗಲಿಲ್ಲ. "ಆರು ತಿಂಗಳಲ್ಲಿ ನೀನು ಮಾಡಿದ ಒಳ್ಳೇ ಪ್ರಯೋಗ ಇದೊಂದೇ. ತೂಕ ಹಾಕೋ ಮುಂಚೆ ಖಾಲಿ ತಕ್ಕಡಿ ನೋಡಬೇಕಲ್ವಾ? ನಿನ್ನ ಖಾಲಿ ತಕ್ಕಡಿನೇ ಇಷ್ಟು ಓಲಾಡುತ್ತೆ ಅಂತ ಈಗ ಗೊತ್ತಾಯ್ತು."

ಗೆಲುವನ್ನು ಬಿಟ್ಟು ಪಾಯಿಂಟು ಎಣಿಸಿದರೆ ಓಲಾಟ ಇನ್ನೂ ಜಾಸ್ತಿ. ಎದುರಾಳಿ ಒಂದು ಕಾಯಿಯನ್ನೂ ಹೊರಗೆ ತೆಗೆಯದೆ ಸೋತರೆ ಎರಡರಷ್ಟು, ಇನ್ನೂ ಹೀನಾಯವಾಗಿ ಸೋತರೆ ಮೂರರಷ್ಟು. ಅದರ ಮೇಲೆ ಪಣವನ್ನು ದುಪ್ಪಟ್ಟು ಮಾಡುವ ಡಬ್ಲಿಂಗ್ ಕ್ಯೂಬ್ ಬೇರೆ. ಅದು 2, 4, 8 ಅಂತ ಏರುತ್ತಾ ಹೋಗುತ್ತದೆ. ಒಂದು ಕೆಟ್ಟ ಆಟದಲ್ಲಿ 16 ಪಾಯಿಂಟು ಹೋದರೂ ಹೋಯಿತು. ವನಜ ಕಾಗದದ ಮೇಲೆ ಲೆಕ್ಕ ಹಾಕಿದಳು. ಆಟಕ್ಕೆ ಸುಮಾರು 3 ಪಾಯಿಂಟಿನ ಏರಿಳಿತ ಅಂತ ಇಟ್ಟುಕೊಂಡರೆ, ಆಟಕ್ಕೆ 0.05 ಪಾಯಿಂಟಿನ ಮೇಲುಗೈ ಕಣ್ಣಿಗೆ ಕಾಣೋಕೆ 14,400 ಆಟ ಬೇಕು. ಮನುಷ್ಯರು ದಿನಕ್ಕೆ ಹತ್ತರಂತೆ ಆಡಿದರೆ ಸುಮಾರು ನಾಲ್ಕು ವರ್ಷ.

"ಹಾಗಾದ್ರೆ 1979ರಲ್ಲಿ ಮಾಂಟೆ ಕಾರ್ಲೊದಲ್ಲಿ ಕಂಪ್ಯೂಟರ್ ವಿಶ್ವ ಚಾಂಪಿಯನ್ನನ್ನ ಸೋಲಿಸ್ತು ಅಂತಾರಲ್ಲ, ಅದು?" ಅಂತ ನಾನು ಕೇಳಿದೆ.

"ಲುಯಿಜಿ ವಿಲ್ಲಾ. 7-1. ಆ ಪ್ರೋಗ್ರಾಂ ಬಿಕೆಜಿ 9.8 ಬರೆದ ಹ್ಯಾನ್ಸ್ ಬರ್ಲಿನರ್ ಅವರೇ ಆಮೇಲೆ ದಾಳ ನಮ್ಮ ಕಡೆಗಿತ್ತು ಅಂತ ಒಪ್ಪಿಕೊಂಡ್ರು. ದೊಡ್ಡ ಮನುಷ್ಯ." ಹೀಗೆನ್ನುತ್ತಾ ಪ್ರಕಾಶನ ಕಡೆ ನೋಡಿದಳು. ಪ್ರಕಾಶ ಛಾವಣಿ ನೋಡಿದ.

ಸ್ವಲ್ಪ ಹೊತ್ತಿನ ಮೇಲೆ ಅವನಿಗೂ ಮಾತು ಸಿಕ್ಕಿತು. "ಐಬಿಎಂನ ಟೆಸಾರೊ ಬರೆದ ಟಿಡಿ-ಗ್ಯಾಮನ್ ತನ್ನ ಜೊತೆ ತಾನೇ 15 ಲಕ್ಷ ಆಟ ಆಡಿ ಕಲಿತದ್ದು. ವಿಶ್ವ ಚಾಂಪಿಯನ್ ಆಗಿದ್ದ ಬಿಲ್ ರಾಬರ್ಟಿ ಎದುರು 40 ಆಟ ಆಡಿ ಬರೀ ಒಂದು ಪಾಯಿಂಟಲ್ಲಿ ಸೋತಿತು!"

"40 ಆಟದಲ್ಲಿ ಒಂದು ಪಾಯಿಂಟು ಅಂದ್ರೆ ಗಾಳಿ ಕಣೋ. ಅದು ಚೆನ್ನಾಗಿ ಆಡ್ತಿತ್ತು ನಿಜ. ಆದ್ರೆ ಅದು ಗೊತ್ತಾಗಿದ್ದು ಒಂದೊಂದು ನಡೆನೂ ಕೂತು ನೋಡಿದ್ದರಿಂದ, ಸ್ಕೋರಿಂದಲ್ಲ. ಶುರುವಿನ ಕೆಲವು ಗರಗಳನ್ನ ಅದು ಆಡಿದ ರೀತಿ ನೋಡಿ ದೊಡ್ಡ ಆಟಗಾರರೇ ತಮ್ಮ ರೂಢಿ ಬದಲಾಯಿಸಿಕೊಂಡ್ರು."

ಅದೃಷ್ಟವನ್ನು ಕಿತ್ತು ಹಾಕಲು ಒಂದು ಉಪಾಯವಿದೆ. ಅದೇ ದಾಳಗಳಿಂದ ಪ್ರತಿ ಆಟವನ್ನೂ ಎರಡು ಸಲ ಆಡಿಸುವುದು, ಎರಡನೇ ಸಲ ಕುರ್ಚಿ ಅದಲು ಬದಲು. ಎರಡೂ ಕಡೆ ಒಂದೇ ಪ್ರೋಗ್ರಾಂ ಇದ್ದರೆ ಮೊದಲ ಆಟದಲ್ಲಿ ಬಿಳಿ ಗೆದ್ದಷ್ಟನ್ನೇ ಎರಡನೆಯದರಲ್ಲಿ ಕಪ್ಪು ಗೆಲ್ಲಬೇಕು. ಒಟ್ಟು ಸೊನ್ನೆ. ಹತ್ತಿರ ಹತ್ತಿರ ಸೊನ್ನೆಯಲ್ಲ, ಅಪ್ಪಟ ಸೊನ್ನೆ.

ಪ್ರಕಾಶ ಅಲ್ಲೇ 50 ಜೋಡಿ ಓಡಿಸಿದ. ಬಿಳಿ 11 ಪಾಯಿಂಟು ಮುಂದೆ.

ಯಾರೂ ಮಾತಾಡಲಿಲ್ಲ. ಅರ್ಧ ಗಂಟೆ ಹುಡುಕಿದ ಮೇಲೆ ಸಿಕ್ಕಿತು. ಹಲಗೆಯ 24 ಮನೆಗಳನ್ನು ಇಬ್ಬರೂ ಎದುರು ಬದುರು ತುದಿಯಿಂದ ಎಣಿಸುತ್ತಾರೆ, ಹಾಗಾಗಿ ಕಪ್ಪು ಕಡೆಯಿಂದ ನೋಡುವಾಗ ಮನೆಯ ನಂಬರನ್ನು 25ರಿಂದ ಕಳೆಯಬೇಕು. ಒಂಟಿ ಕಾಯಿ ಎಣಿಸುವ ಒಂದೇ ಒಂದು ಸಾಲಿನಲ್ಲಿ ಮಾತ್ರ ಇವನು 24ರಿಂದ ಕಳೆದಿದ್ದ. ಪಾಪ, ಕಪ್ಪು ಆರು ತಿಂಗಳಿಂದ ಪಕ್ಕದ ಮನೆಯ ಕಾಯಿಗೆ ಹೆದರುತ್ತಾ ಆಡುತ್ತಿತ್ತು. ಸರಿ ಮಾಡಿ ಓಡಿಸಿದರೆ ಸೊನ್ನೆ ಬಂತು.

"ಹಾಗಾದ್ರೆ ಆ 57 ಈ ತಪ್ಪಿಂದ ಬಂದಿದ್ದಾ, ಅದೃಷ್ಟದಿಂದಾ?" ಅಂತ ಸುಬ್ಬು ಕೇಳಿದ.

"100 ಆಟದಲ್ಲಿ ಅದೂ ಗೊತ್ತಾಗಲ್ಲ," ಎಂದಳು ವನಜ.

ಪ್ರಕಾಶನಿಗೆ ಮತ್ತೆ ಜೀವ ಬಂತು. "ಈಗಂತೂ ನಂಬಬಹುದು ತಾನೆ? ಎದುರಾಳಿಯ ಅಂಗಳದಲ್ಲಿ ಎರಡು ಮನೆ ಹಿಡಿದು ಕಾಯೋ ಬ್ಯಾಕ್ ಗೇಮ್ ಇದ್ಯಲ್ಲ, ಅಂಥ ಒಂದು ಸ್ಥಿತಿ ಕೊಟ್ಟೆ. ಗೆಲ್ಲೋ ಸಾಧ್ಯತೆ ನೂರಕ್ಕೆ 40 ಅಂತು. ಅಲ್ಲಿಂದ 1,000 ಆಟ ಆಡಿಸಿದೆ. ಹೆಚ್ಚುಕಮ್ಮಿ 400 ಗೆಲುವೇ ಬಂತು!"

"ಎದುರಿಗೆ ಆಡಿದ್ದು ಯಾರು?"

"ಅದೇ."

"ಇದಕ್ಕೆ ಬ್ಯಾಕ್ ಗೇಮ್ ಆಡೋಕೆ ಬರಲ್ಲ, ಎದುರಿಗಿರೋದಕ್ಕೆ ಅದನ್ನ ಮುರಿಯೋಕೆ ಬರಲ್ಲ. ಇಬ್ಬರ ದಡ್ಡತನ ಸೇರಿ ಲೆಕ್ಕ ಸರಿಯಾಯ್ತು."

"ಪರೀಕ್ಷೆ ಹಾಲಲ್ಲಿ ನಾನೂ ನನ್ನ ಪಕ್ಕದವನೂ ಉತ್ತರ ತಾಳೆ ನೋಡಿಕೊಂಡ ಹಾಗೆ," ಎಂದ ಸುಬ್ಬು. "ಎರಡೂ ಒಂದೇ ಬಂತು ಅಂತ ನೆಮ್ಮದಿಯಾಗಿ ಎದ್ದು ಬಂದ್ವಿ. ಇಬ್ಬರೂ ಫೇಲು."

ವಾದವೇ ಬೇಡದ ಜಾಗ ಒಂದಿದೆ, ಆಟದ ಕೊನೆ. 15 ಕಾಯಿಯೂ ಒಳಗಿನ ಆರು ಮನೆ ಸೇರಿದ ಮೇಲೆ ಒಂದು ಕಡೆಯವರ ಕಾಯಿಗಳಿಗೆ ಇರುವುದು, ಹೊರಗೆ ತೆಗೆದವನ್ನೂ ಸೇರಿಸಿ, 54,264 ಬಗೆಯ ಜೋಡಣೆ ಅಷ್ಟೇ. ಎಷ್ಟು ಗರದಲ್ಲಿ ಎಲ್ಲ ಕಾಯಿ ಹೊರಗೆ ಹೋಗುತ್ತದೆ ಅಂತ ಒಂದೊಂದಕ್ಕೂ ಕರಾರುವಾಕ್ ಲೆಕ್ಕ ಹಾಕಿ ಪಟ್ಟಿ ಮಾಡಿಡಬಹುದು. ಪ್ರೋಗ್ರಾಮಿನ ಅಂದಾಜನ್ನು ಪಟ್ಟಿಯ ಜೊತೆ ಹೋಲಿಸಿದರೆ ಮುಗಿಯಿತು. ಅಲ್ಲಿ ಪಕ್ಕದವನನ್ನು ಕೇಳುವ ಹಾಗಿಲ್ಲ.

ಆ ರಾತ್ರಿ ಹೊಸದು ಮತ್ತು ಹಳೆಯದರ ನಡುವೆ 10,000 ಆಟ ಓಡಿತು. ಫೈಲಿನ ಹೆಸರನ್ನು ಮೂವರು ಜೋರಾಗಿ ಓದಿ ಖಚಿತ ಮಾಡಿಕೊಂಡೆವು. ಬೆಳಗ್ಗೆ ನೋಡಿದರೆ 5,031ಕ್ಕೆ 4,969, ಹಳೆಯದು ಮುಂದೆ. 5,000ದಿಂದ ಆಚೆ ಈಚೆ ಐವತ್ತರ ಒಳಗೆ ಇದ್ದರೆ ಏನೂ ಹೇಳುವ ಹಾಗಿಲ್ಲ ಅಂತ ವನಜ ಸಮಾಧಾನ ಹೇಳಿದಳು. ಪ್ರಕಾಶ ಆ ಐವತ್ತನ್ನು ಗಟ್ಟಿಯಾಗಿ ಹಿಡಿದುಕೊಂಡ.

ಸುಬ್ಬುಗೆ ಇದ್ಯಾವುದೂ ಬೇಕಿರಲಿಲ್ಲ. ದಾಳವನ್ನು ನಾವೇ ಹಾಕಿ ಸಂಖ್ಯೆ ತುಂಬುವ ಸೌಲಭ್ಯ ಅವನ ಪ್ರೋಗ್ರಾಮಿನಲ್ಲಿ ಇದೆ ಅಂತ ವನಜ ತೋರಿಸಿಕೊಟ್ಟಿದ್ದಳು. ಎರಡು ದಾಳ ತಂದು, ತನಗೂ ಅದಕ್ಕೂ ತಾನೇ ಉರುಳಿಸುತ್ತಾ ಆಡಿದ. ಕೊನೆಗೆ ಅವನ ಒಂಟಿ ಕಾಯಿ ಮತ್ತೆ 18 ಮನೆ ಆಚೆ ಕೂತಿತು. ಪ್ರೋಗ್ರಾಮಿನ ಸರದಿ. ಕೈಯಲ್ಲಿ ದಾಳ ಕುಲುಕಿ ಮೇಜಿನ ಮೇಲೆ ಬಿಟ್ಟ.

ಜೋಡಿ ಆರು.

ಸುಬ್ಬು ತನ್ನ ಬಲಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡ. "ಇನ್ಮೇಲೆ ಇದಕ್ಕೆ ಎಡಗೈಯಲ್ಲಿ ಹಾಕ್ತೀನಿ," ಎಂದ.