ನೀತಿ ಬದಲಾವಣೆಯ ಡಿಜಿಟಲ್ ಅಭಿಯಾನ: ನಿರ್ದೇಶಕರ ಕೆಲಸದ ತಿರುಳೇನು?

ಪ್ರಶ್ನೆ:
ಸಾರ್ವಜನಿಕ ನೀತಿಗಳ ವಿಚಾರದಲ್ಲಿ ದನಿಯೆತ್ತುವ ಸಂಸ್ಥೆಯೊಂದರ ಡಿಜಿಟಲ್ ಅಭಿಯಾನಗಳ ನಿರ್ದೇಶಕರ ಹುದ್ದೆಗೆ ಅರ್ಜಿ ಹಾಕಬೇಕೆಂದಿದ್ದೇನೆ. ಈವರೆಗೆ ನಾನು ಮಾಡಿರುವುದು ಉತ್ಪನ್ನಗಳ ಜಾಹೀರಾತು ಮಾತ್ರ. ಸಹಿ ಸಂಗ್ರಹ, ಪೋಸ್ಟುಗಳನ್ನು ಬಿಟ್ಟರೆ ಈ ಕೆಲಸದಲ್ಲಿ ಇನ್ನೇನಿರುತ್ತದೆ ಎಂಬುದನ್ನು ಬಲ್ಲವರು ತಿಳಿಸುವಿರಾ?

ಉತ್ತರ 1:
ಮುಖ್ಯವಾದದ್ದು ಕಾಲದ ಲೆಕ್ಕಾಚಾರ. ಮಸೂದೆಯೊಂದು ಸಮಿತಿಯ ಮುಂದಿರುವಾಗ ಅದರ ಸದಸ್ಯರಿಗೆ ಸ್ವಂತ ಕ್ಷೇತ್ರದಿಂದ ಬರುವ ನೂರು ಪತ್ರಗಳ ತೂಕ, ಮತದಾನ ಮುಗಿದ ಮೇಲೆ ಬರುವ ಲಕ್ಷ ಲೈಕುಗಳಿಗೆ ಇರುವುದಿಲ್ಲ. ಬ್ರಿಟನ್ ಸಂಸತ್ತಿನ ಆನ್‌ಲೈನ್ ಅರ್ಜಿ ವ್ಯವಸ್ಥೆಯನ್ನೇ ನೋಡಿ: 10,000 ಸಹಿಗಳಾದರೆ ಸರ್ಕಾರ ಉತ್ತರಿಸುತ್ತದೆ, 1,00,000 ಆದರೆ ವಿಷಯವನ್ನು ಚರ್ಚೆಗೆ ಪರಿಗಣಿಸಲಾಗುತ್ತದೆ, ಆದರೆ ಚರ್ಚೆ ನಡೆದ ಮಾತ್ರಕ್ಕೆ ಕಾನೂನು ಬದಲಾಗುವುದಿಲ್ಲ. ಆದ್ದರಿಂದ ನಿರ್ದೇಶಕರಾದವರು ನೀತಿ ತಜ್ಞರ ಜೊತೆ ಕುಳಿತು, ಯಾರು, ಯಾವ ದಿನದೊಳಗೆ, ಯಾವ ನಿರ್ಧಾರ ತೆಗೆದುಕೊಳ್ಳಬೇಕು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡು, ಆಮೇಲಷ್ಟೇ ಇಮೇಲ್ ಪಟ್ಟಿಗೆ ಕೈಹಾಕಬೇಕು.

ಉತ್ತರ 2:
ಒಂದು ಸೇರ್ಪಡೆ. ಎಲ್ಲರಿಂದಲೂ ಒಂದೇ ಒಕ್ಕಣೆಯ ಇಮೇಲ್ ಕಳಿಸಿದರೆ ಜನಪ್ರತಿನಿಧಿಯ ಕಚೇರಿಯ ಸಿಬ್ಬಂದಿ ಅವನ್ನೆಲ್ಲ ಒಟ್ಟಿಗೆ ಬದಿಗೆ ಸರಿಸಿಬಿಡುವುದು ಸುಲಭ. "ಈ ನಿಯಮದಿಂದ ನಿಮಗೇನಾಯಿತು?" ಎಂಬ ಖಾಲಿ ಚೌಕವೊಂದನ್ನು ನಮೂನೆಯಲ್ಲಿ ಇಡಿ; ಸಹಿಗಳ ಸಂಖ್ಯೆ ಇಳಿಯಬಹುದು (ಆಡಳಿತ ಮಂಡಳಿಗೆ ಇದು ರುಚಿಸುವುದಿಲ್ಲ), ಆದರೆ ಬಂದ ಪತ್ರಗಳನ್ನು ಆ ಸಿಬ್ಬಂದಿ ಓದಲೇಬೇಕಾಗುತ್ತದೆ.

ಪ್ರಶ್ನೆ ಕೇಳಿದವರು:
ಹಾಗಾದರೆ ನನ್ನ ಜಾಹೀರಾತಿನ ಅನುಭವ ವ್ಯರ್ಥವೇ?

ಉತ್ತರ 1:
ಖಂಡಿತ ಇಲ್ಲ. ಎರಡು ಶೀರ್ಷಿಕೆಗಳನ್ನು ಹೋಲಿಸಿ ಪರೀಕ್ಷಿಸುವ ಅಭ್ಯಾಸ ಇಲ್ಲಿಯೂ ಬೇಕು. ಬೆಂಬಲಿಗರ ಮಾಹಿತಿಯ ವಿಷಯದಲ್ಲಿ ಮಾತ್ರ ಹೆಚ್ಚು ಎಚ್ಚರವಿರಲಿ: 2018ರಲ್ಲಿ ಜಾರಿಯಾದ ಐರೋಪ್ಯ ಒಕ್ಕೂಟದ ಜಿಡಿಪಿಆರ್ (ವೈಯಕ್ತಿಕ ಮಾಹಿತಿ ರಕ್ಷಣೆಯ) ನಿಯಮಗಳು ರಾಜಕೀಯ ಅಭಿಪ್ರಾಯವನ್ನು ವಿಶೇಷ ರಕ್ಷಣೆಯ ಮಾಹಿತಿಗಳ ಸಾಲಿಗೆ ಸೇರಿಸಿವೆ.